ಬಾಗಿಲ ಕಡೆಗೆ ಕಾಲು

ಆ ಗಾಯ ತನ್ನದೇ ಕೊಂಬಿನದು ಎಂದು ಫೂಮಾಗೆ ಹೊಳೆದದ್ದು, ಬ್ಲಾಜ್ ಎರಡನೇ ಸಲ ಸಾರು ಬಡಿಸಿಕೊಳ್ಳಲು ತಟ್ಟೆಯ ಮೇಲೆ ತಲೆ ಬಗ್ಗಿಸಿದಾಗ. ಎಡಗಣ್ಣಿನ ಕೆಳಗೆ ಶುರುವಾಗಿ ಹುಬ್ಬಿನ ತುದಿ ದಾಟಿ ಕಿವಿಯ ಮೇಲಿನ ಕೂದಲೊಳಗೆ ಹೋಗಿ ಮುಗಿಯುವ ಗಾಯ. ಪೀಪಾಯಿಗೆ ಬಿಗಿಯುತ್ತಿದ್ದ ಕಬ್ಬಿಣದ ಪಟ್ಟಿ ಕಿತ್ತು ಬಂದು ಮುಖಕ್ಕೆ ಹೊಡೆಯಿತು ಎಂದು ಅವನು ಬಂದ ಕೂಡಲೇ, ಯಾರೂ ಕೇಳುವ ಮೊದಲೇ, ಹೇಳಿ ಮುಗಿಸಿದ್ದ. ಪಟ್ಟಿ ಹೊಡೆದ ಗಾಯ ಅಡ್ಡಡ್ಡ ಬರುತ್ತದೆ. ಇದು ಕೆಳಗಿನಿಂದ ಮೇಲಕ್ಕೆ ಎದ್ದಿತ್ತು. ಹೋದ ವಾರದ ಮಂಗಳವಾರ ಮಿರ್ನಾ ಕಣಿವೆಯ ಮೇಲೆ ಮೋಡ ಕಟ್ಟಿದಾಗ ಅವಳು ತಲೆ ತಗ್ಗಿಸಿ, ಎಡಗೊಂಬನ್ನು ಆ ಕಪ್ಪು ಹೋರಿಯ ಕಣ್ಣಿನ ಕೆಳಗೆ ಇಟ್ಟು, ಹೀಗೆ ಎತ್ತಿದ್ದಳು. ಎತ್ತಿದ ರಭಸ ಇನ್ನೂ ಅವಳ ಕತ್ತಿನಲ್ಲಿತ್ತು. ಸೌಟು ಹಿಡಿದು ನಿಂತವಳಿಗೆ ಮೊದಲು ಆದದ್ದು ಹೆಮ್ಮೆ. ಎಂಥ ಚೊಕ್ಕ ಏಟು, ಒಂದು ಕೂದಲೆಳೆ ಆಚೆ ಈಚೆ ಆಗಿದ್ದರೆ ಕಣ್ಣು ಹೋಗುತ್ತಿತ್ತು ಅಂದುಕೊಂಡಳು. ಆಮೇಲೆ, ತಾನು ಹಾಗೆ ಅಂದುಕೊಂಡದ್ದು ಯಾರ ಕಣ್ಣಿನ ಬಗ್ಗೆ ಎನ್ನುವುದು ನೆನಪಾಗಿ, ಸಾರು ತಟ್ಟೆಯ ಅಂಚು ಮೀರಿ ಮೇಜಿನ ಮೇಲೆ ಹರಿಯಿತು. ಬ್ಲಾಜ್ ಬ್ರೆಡ್ಡಿನ ಚೂರಿನಿಂದ ಅದನ್ನು ಒತ್ತಿ ತೆಗೆದು ಬಾಯಿಗೆ ಹಾಕಿಕೊಂಡ. ಒಲೆಯ ಪಕ್ಕದಲ್ಲಿ ಕುಳಿತು ಕಾಲುಚೀಲ ಹೆಣೆಯುತ್ತಿದ್ದ ಸೋದರತ್ತೆ ಉಲಿಕಾ ಎಲ್ಲವನ್ನೂ ನೋಡಿದಳು.

ಎರಡು ವರ್ಷದಿಂದ ಅವನು ಈ ಮನೆಗೆ ಬರುತ್ತಿದ್ದ. ಕಣಿವೆಯ ಆಚೆಯ ಕಾಮೆನಾದಿಂದ ಮೊಪೆಡ್ ಮೇಲೆ, ಹಿಂದೆ ಸುತ್ತಿಗೆ, ಹಲಗೆ, ಪಟ್ಟಿಗಳ ಮೂಟೆ ಕಟ್ಟಿಕೊಂಡು ಬರುವನು. ಅವಳ ಊರು ಜಾಬ್ರೆಗ್‌ನ ಪೀಪಾಯಿಗಳೆಲ್ಲ ಅವನ ಕೈಯಲ್ಲೇ ರಿಪೇರಿಯಾಗಬೇಕು. ಅದರಲ್ಲೂ ಫೂಮಾಳ ಪೀಪಾಯಿಗಳು ವರ್ಷಕ್ಕೆ ಮೂರು ಸಲ ಸೋರುತ್ತಿದ್ದವು. ಅವು ಅಷ್ಟು ಸಲ ಸೋರುವುದು ಹೇಗೆ ಎಂದು ಊರಿನವರು ನಗುವರು. ಮೂವತ್ತೆಂಟು ವರ್ಷದ, ಮದುವೆಯಾಗದ, ಅಗಲ ಭುಜದ ಹೆಂಗಸು ತಾನು ಎಂದು ಅವಳಿಗೂ ಗೊತ್ತಿತ್ತು. ಹಿಂದೊಮ್ಮೆ ಒಬ್ಬನ ಜೊತೆ ಮದುವೆ ಗೊತ್ತಾಗಿತ್ತು. ಅವನು ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದು, ಅವಳು ನೆಲದ ಮೇಲೆ ಬಾಗಿಲ ಕಡೆಗೆ ಕಾಲು ಹಾಕಿ ಉಸಿರಿಲ್ಲದೆ ಮಲಗಿದ್ದನ್ನು ನೋಡಿ, ಟೋಪಿ ಬಿಟ್ಟು ಓಡಿಹೋದ. ಆ ಟೋಪಿಯನ್ನು ಅತ್ತೆ ಎರಡು ಚಳಿಗಾಲ ಕೋಳಿಗಳಿಗೆ ಕಾಳು ಹಾಕಲು ಬಳಸಿದಳು. ಫೂಮಾ ಆಗ ಅಳಲಿಲ್ಲ. ಅಳುವಂಥದ್ದೇನಿದೆ, ಊರಿಗೊಬ್ಬಳು ತಾನು, ಟೋಪಿ ಹಾಕುವ ಗಂಡಸರು ಊರು ತುಂಬ ಇದ್ದಾರೆ ಎಂದು ತನಗೆ ತಾನೇ ಹೇಳಿಕೊಂಡು ದ್ರಾಕ್ಷಿ ಬಳ್ಳಿ ಕತ್ತರಿಸಲು ಹೋಗಿದ್ದಳು. ಆ ದಿನ ಎಷ್ಟು ಕತ್ತರಿಸಿದಳೆಂದರೆ ಮುಂದಿನ ವರ್ಷ ಆ ಸಾಲಿನಲ್ಲಿ ಹಣ್ಣೇ ಬಿಡಲಿಲ್ಲ.

ಊರಿಗೊಬ್ಬಳು. ಹುಟ್ಟುವಾಗಲೇ ಅವಳ ತಲೆಯ ಮೇಲೆ ಗರ್ಭದ ಪೊರೆಯಿತ್ತು. ಅಂಥ ಮಗು ಹುಟ್ಟಿದಾಗ ಯಾರಾದರೂ ತಡಮಾಡದೆ ಕಿಟಕಿ ತೆರೆದು ಊರಿಗೆ ಕೇಳುವಂತೆ ಸಾರಬೇಕು. ಸಾರಿದರೆ ಅದು ಕ್ರಸ್ನಿಕ್ ಆಗಿ ಊರನ್ನು ಕಾಯುತ್ತದೆ. ಸಾರದೆ ಮುಚ್ಚಿಟ್ಟರೆ ಷ್ಟ್ರಿಗಾ ಆಗುತ್ತದೆ, ಊರ ಬೆಳೆಯನ್ನೇ ತಿನ್ನುತ್ತದೆ. ಆ ದಿನ ಸೂಲಗಿತ್ತಿ ಹೆದರಿ ಕೈಕಟ್ಟಿ ನಿಂತಳಂತೆ. ಹತ್ತೊಂಬತ್ತು ವರ್ಷದ ಉಲಿಕಾ ಕಿಟಕಿಗೆ ಹತ್ತಿ, ನಮ್ಮ ಮನೆಯಲ್ಲಿ ಕ್ರಸ್ನಿಕ್ ಹುಟ್ಟಿದೆ, ಕೇಳಿಸಿಕೊಳ್ಳಿ, ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಆ ಪೊರೆಯನ್ನು ಒಣಗಿಸಿ, ಬಟ್ಟೆಯಲ್ಲಿ ಹೊಲಿದು, ಮಗುವಿನ ಕಂಕುಳಿಗೆ ಕಟ್ಟಿದವಳೂ ಅವಳೇ. ಫೂಮಾಗೆ ಹದಿನೆಂಟು ತುಂಬಿದಾಗಿನಿಂದ, ಆಲಿಕಲ್ಲಿನ ಮೋಡ ಸಮುದ್ರದ ಕಡೆಯಿಂದ ಏರಿದಾಗಲೆಲ್ಲ, ನಿದ್ದೆ ಅವಳನ್ನು ಕಲ್ಲಿನ ಹಾಗೆ ಕೆಳಕ್ಕೆ ಎಳೆಯುತ್ತಿತ್ತು. ಅವಳು ನೆಲದ ಮೇಲೆ ಮಲಗುವಳು. ಬಾಯಿಂದ ಒಂದು ದುಂಬಿ ಹೊರಟು ಬಾಗಿಲ ಸಂದಿಯಿಂದ ಹೋಗುವುದು. ಕಣಿವೆಯ ಮೇಲೆ ಅದು ಬೂದು ಬಣ್ಣದ ಹಸುವಾಗುವುದು, ಉದ್ದ ಕೊಂಬಿನ, ಈ ಸೀಮೆಯ ಹಸು. ಎದುರಿನಿಂದ ಕಾಮೆನಾದ ಕಪ್ಪು ಹೋರಿ ಬರುವುದು. ಯಾರು ಹಿಂದೆ ಸರಿಯುತ್ತಾರೋ ಅವರ ಊರಿನ ಮೇಲೆ ಆಲಿಕಲ್ಲು. ಜಾಬ್ರೆಗ್‌ನವರ ಬಾಯಲ್ಲಿ ಆ ಹೋರಿ ಷ್ಟ್ರಿಗೂನ್, ಹೊಟ್ಟೆಕಿಚ್ಚಿನ ಪಿಶಾಚಿ. ಕಾಮೆನಾದವರ ಬಾಯಲ್ಲಿ ಅವಳೇ ಷ್ಟ್ರಿಗಾ. ಅಲ್ಲಿ ಮಕ್ಕಳು ಊಟ ಮಾಡದಿದ್ದರೆ ಬೂದು ಹಸುವನ್ನು ಕರೆಯುತ್ತೇವೆ ಎಂದು ಹೆದರಿಸುತ್ತಾರೆ ಎಂದು ಒಮ್ಮೆ ಬ್ಲಾಜ್ ನಗುತ್ತಾ ಹೇಳಿದ್ದ. ಆಗ ಅವಳೂ ನಕ್ಕಿದ್ದಳು. ಈಗ ಆ ನಗುವನ್ನು ನೆನೆದು ಅವಳ ಕಿವಿ ಬಿಸಿಯಾಯಿತು.

ಊಟ ಮುಗಿಸಿ ಅವನು ನೆಲಮಾಳಿಗೆಗೆ ಇಳಿದ. ಅವಳು ಲೋಟ ತೊಳೆಯುತ್ತಾ ನಿಂತಳು. ತೊಳೆದದ್ದನ್ನೇ ಮತ್ತೆ ತೊಳೆದಳು. ತಾನು ಪ್ರೀತಿಸುವವನು ಶತ್ರು ಎನ್ನುವುದು ದೊಡ್ಡ ವಿಷಯ, ಅದಕ್ಕೆ ಎದೆ ಒಡೆಯಬೇಕಿತ್ತು. ಆದರೆ ಅವಳ ಮನಸ್ಸು ಹಠಮಾರಿ ಹಸುವಿನ ಹಾಗೆ ಆ ದಾರಿ ಬಿಟ್ಟು ಬೇರೆ ಬೇಲಿಗೆ ನುಗ್ಗಿತು. ಲೆಕ್ಕ ಹಾಕಿದಳು. ಮೊದಲ ಹದಿನೆಂಟು ವರ್ಷ ಸೋಲು ಗೆಲುವು ಸರಿಸಮ. ಒಂದು ಬೇಸಿಗೆ ಅವಳದು, ಒಂದು ಹೋರಿಯದು. ಸೋತ ದಿನಗಳಲ್ಲಿ ಪಕ್ಕೆಲುಬು ಹಿಡಿದುಕೊಂಡು ಎದ್ದು, ಹರಿದ ಎಲೆಗಳ ನಡುವೆ ಊರಿನವರ ಕಣ್ಣು ತಪ್ಪಿಸಿ ನಡೆದದ್ದು ನೆನಪಿತ್ತು. ಕೊನೆಯ ಎರಡು ವರ್ಷದಲ್ಲಿ ಅವಳು ಒಮ್ಮೆಯೂ ಸೋತಿರಲಿಲ್ಲ. ವಯಸ್ಸಾದಷ್ಟೂ ಬಲ ಬಂದಿದೆ ಎಂದು ತಿಳಿದಿದ್ದಳು. ಕನ್ನಡಿಯ ಮುಂದೆ ನಿಂತು ತನ್ನ ಕತ್ತನ್ನು ತಾನೇ ಸವರಿಕೊಂಡಿದ್ದಳು, ಅದೂ ಈಗ ನೆನಪಾಯಿತು. ಎರಡು ವರ್ಷ. ಬ್ಲಾಜ್ ಮೊದಲ ಸಲ ಈ ಮನೆಯ ಮೆಟ್ಟಿಲು ಹತ್ತಿದಾಗಿನಿಂದ. ಲೋಟ ಕೈಜಾರಿ ಕಲ್ಲಿನ ತೊಟ್ಟಿಯೊಳಗೆ ಒಡೆಯಿತು. ಒಡೆದ ಚೂರುಗಳನ್ನು ಆರಿಸುತ್ತಾ, ಅವನು ಬೇಕೆಂದೇ ಬಿಟ್ಟುಕೊಟ್ಟಿದ್ದರೆ ಕೊಂದೇಬಿಡುತ್ತೇನೆ ಎಂದು ಅವಳು ನಿರ್ಧರಿಸಿದಳು.

ಕೆಳಗೆ ಅವನು ಪೀಪಾಯಿಯ ಮೇಲೆ ಕುಳಿತಿದ್ದ, ಕೆಲಸ ಶುರುಮಾಡಿರಲಿಲ್ಲ. ಅವಳು ಕಾಯುತ್ತಿದ್ದಂತೆ ಅವನೂ ಕಾಯುತ್ತಿದ್ದ ಎಂದು ಕಂಡಿತು. ಅವಳು ಗಾಯವನ್ನು ಬೆರಳಿಂದ ತೋರಿಸಿ, ಇದು ನನ್ನದು, ಅಂದಳು. ಅವನು ಹೌದು ಅಂದ. ಅಷ್ಟು ಸರಾಗವಾಗಿ ಹೌದು ಅಂದದ್ದೇ ಅವಳಿಗೆ ಅವಮಾನವಾಯಿತು, ತಾನು ಕಂಡುಹಿಡಿದದ್ದಕ್ಕೆ ಬೆಲೆಯೇ ಇಲ್ಲದಂತೆ. ಯಾವಾಗಿನಿಂದ ಗೊತ್ತು ಎಂದು ಕೇಳಿದಳು. ಮೊದಲ ದಿನದಿಂದ, ಅಂದ. ಈ ನೆಲಮಾಳಿಗೆಯಲ್ಲೇ, ಅವಳು ಅವನಿಗಾಗಿ ತುಂಬಿದ ಪೀಪಾಯಿಯನ್ನು ಪಕ್ಕಕ್ಕೆ ಸರಿಸಿದಾಗ.

"ತಳ್ಳೋ ಮುಂಚೆ ಮೂಗಲ್ಲಿ ಒಂದ್ಸಲ ಬುಸ್ ಅಂತೀಯ," ಎಂದ ಬ್ಲಾಜ್. "ಮೇಲೂ ಹಾಗೇ ಮಾಡ್ತೀಯ. ಹದಿನೆಂಟು ವರ್ಷ ಆ ಸದ್ದು ಕೇಳಿ ನಾನು ಹೆದರ‍್ಕೊಂಡಿದ್ದೆ. ಅವತ್ತು ಹೆದರಿಕೆ ಆಗ್ಲಿಲ್ಲ. ಮನೆಗೆ ಹೋಗಿ ನಿದ್ದೆ ಬರ‍್ಲಿಲ್ಲ, ಅಷ್ಟೇ."

ಬೇರೆ ಯಾವ ಹೆಂಗಸಾದರೂ ಈ ಮಾತಿಗೆ ಕರಗಿ ನೀರಾಗುತ್ತಿದ್ದಳು. ಫೂಮಾ ಕೂಡ ಅರ್ಧ ಕರಗಿದಳು, ಸುಳ್ಳೇಕೆ. ಕರಗದ ಇನ್ನರ್ಧ ಬಾಯಿ ತೆರೆಯಿತು.

"ಬಿಟ್ಟುಕೊಟ್ಯಾ?"

ಅವನು ಸುತ್ತಿಗೆಯ ಹಿಡಿಯನ್ನು ಉಜ್ಜಿದ. "ಒಂದ್ಸಲ."

"ಯಾವಾಗ?"

"ಹೇಳಲ್ಲ. ಹೇಳಿದ್ರೆ ಆ ವರ್ಷದ ದ್ರಾಕ್ಷಾರಸ ಎಲ್ಲಾ ಚರಂಡಿಗೆ ಚೆಲ್ತೀಯ. ನಿನ್ನ ಬುದ್ಧಿ ನಂಗೊತ್ತಿಲ್ವಾ."

ಚೆಲ್ಲುತ್ತಿದ್ದಳು, ನಿಜ. ಅದನ್ನು ಅವನು ಮುಂಚೆಯೇ ತಿಳಿದಿದ್ದನಲ್ಲ ಎಂದು ಇನ್ನೂ ಸಿಟ್ಟು ಬಂತು. ಎರಡು ವರ್ಷದಲ್ಲಿ ಏಳು ಸಲ ಅವಳು ಗೆದ್ದಿದ್ದಳು. ಒಂದನ್ನು ಅವನು ಕೊಟ್ಟಿದ್ದ. ಯಾವುದೆಂದು ಗೊತ್ತಿದ್ದರೆ ಆ ಒಂದನ್ನು ಕಿತ್ತೆಸೆದು ಉಳಿದ ಆರನ್ನು ಎದೆಗವಚಿಕೊಳ್ಳಬಹುದಿತ್ತು. ಈಗ ಏಳೂ ಹುಳ ಬಿದ್ದ ಹಣ್ಣಾಗಿದ್ದವು. ನಿನ್ನ ಊರಿನವರಿಗೆ ಏನು ಹೇಳಿದೆ ಎಂದು ಕೇಳಿದಳು, ನೋಯಿಸಲೆಂದೇ. ಅವನ ಮುಖ ಬಾಡಿತು. ಏನೂ ಹೇಳಲಿಲ್ಲ, ಆ ವರ್ಷ ಅಮ್ಮ ನನ್ನ ಜೊತೆ ಒಂದು ತಿಂಗಳು ಮಾತಾಡಲಿಲ್ಲ, ಅವಳಿಗೆ ಗೊತ್ತಾಗಿತ್ತು ಅಂದ. ಆ ಅಮ್ಮ ಮಾರ್ಚ್ ತಿಂಗಳಲ್ಲಿ ತೀರಿಕೊಂಡಿದ್ದಳು. ಅವನು ಮಲಗಿದಾಗ ಕಾಯುತ್ತಿದ್ದವಳು ಅವಳೊಬ್ಬಳೇ. ಮಲಗಿದವನ ದೇಹವನ್ನು ಯಾರೂ ಕದಲಿಸಬಾರದು, ತಲೆ ಇದ್ದಲ್ಲಿ ಕಾಲು ಬರುವಂತೆ ತಿರುಗಿಸಲೇಬಾರದು. ತಿರುಗಿಸಿದರೆ ಹೋದ ಜೀವಕ್ಕೆ ಬಾಯಿ ಸಿಗುವುದಿಲ್ಲ, ಸೂರ್ಯ ಮುಳುಗುವವರೆಗೆ ಸುತ್ತಿ ಸುತ್ತಿ ಅಲ್ಲೇ ಮುಗಿಯುತ್ತದೆ. ಹೋದ ಸಲ ಅವನು ಶೆಡ್ಡಿನ ಚಿಲಕ ಹಾಕಿಕೊಂಡು ಒಬ್ಬನೇ ಮಲಗಿದ್ದ. ಎದ್ದು ನೋಡಿದರೆ ಅಕ್ಕಪಕ್ಕದವರು, ಒಲೆಯ ಹೊಗೆ ಕಾಣದ್ದಕ್ಕೆ ಗಾಬರಿಯಾಗಿ, ಬಾಗಿಲು ಮುರಿಯುತ್ತಿದ್ದರಂತೆ.

ಇದನ್ನು ಹೇಳಿ ಅವನು ನೆಲಮಾಳಿಗೆಯ ಸಣ್ಣ ಕಿಟಕಿಯಿಂದ ಆಕಾಶ ನೋಡಿದ. ಅವಳೂ ನೋಡಿದಳು. ಸಮುದ್ರದ ಕಡೆ ಬಿಳಿ ಮೋಡ ಹೂಕೋಸಿನ ಹಾಗೆ ಮೇಲಕ್ಕೆ ಉಕ್ಕುತ್ತಿತ್ತು, ಬುಡ ಆಗಲೇ ಕಪ್ಪಾಗಿತ್ತು. ಅವಳ ರೆಪ್ಪೆಗಳಲ್ಲಿ ಮೊದಲ ಭಾರ ಕಾಣಿಸಿಕೊಂಡಿತ್ತು. ಸಾರಿನಿಂದ ಬಂದದ್ದು ಎಂದುಕೊಂಡಿದ್ದಳು. ಅವನ ರೆಪ್ಪೆಗಳೂ ಇಳಿದಿದ್ದವು. ಹತ್ತು ದಿನದ ಮೇಲೆ ಅವನು ಇವತ್ತೇ ಬಂದದ್ದು ಪೀಪಾಯಿಗಾಗಿ ಅಲ್ಲ ಎಂದು ಅವಳಿಗೆ ಆಗ ತಿಳಿಯಿತು.

"ಇವತ್ತು ನಿನ್ನ ಮನೇಲಿ ಮಲಗ್ಲಾ?" ಎಂದ. ಹೇಳಿದ ಮೇಲೆ ಆ ಮಾತಿಗೆ ಇರುವ ಇನ್ನೊಂದು ಅರ್ಥ ಅವನಿಗೆ ಹೊಳೆದು ಕಿವಿಯವರೆಗೆ ಕೆಂಪಾದ. ನಲವತ್ತೈದರ ವಿಧುರ, ಹಲಗೆಯಂಥ ಕೈಗಳವನು. ಅವಳಿಗೆ ಅವನನ್ನು ಆಗಲೇ ತಬ್ಬಿಕೊಳ್ಳಬೇಕೆನಿಸಿತು. ಬದಲಿಗೆ ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟಳು.

"ಮಲಗು. ಆದ್ರೆ ನಿಜವಾಗಿ ಹೋರಾಡ್ಬೇಕು. ಎಷ್ಟು ಬಲ ಇದೆಯೋ ಅಷ್ಟೂ. ನಾನು ಸೋತ್ರೆ ನಮ್ಮ ತೋಟ ಹೋಗ್ಲಿ. ನೀನು ಒಂದು ಗೊರಸಿನಷ್ಟು ಹಿಂದೆ ಸರಿದ್ರೂ ನಂಗೆ ಗೊತ್ತಾಗತ್ತೆ, ಆಮೇಲೆ ಈ ಮೆಟ್ಲು ಹತ್ಬೇಡ."

ಅವನು ಅವಳ ಕೈ ಹಿಡಿದು ಮಾತು ಕೊಟ್ಟ. ಕೈ ಬಿಡಲು ಇಬ್ಬರೂ ಮರೆತರು. ಮೇಲೆ, ನೆಲಮಾಳಿಗೆಯ ಬಾಗಿಲ ಹತ್ತಿರ, ಹೆಣಿಗೆಯ ಕಡ್ಡಿಗಳ ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಯಿತು.

ಅಂಗಳದಲ್ಲಿ ಲಿಬೆರೊ ಎದುರಾದ. ಕೃಷಿ ಇಲಾಖೆಯವರು ಗುಡ್ಡದ ನೆತ್ತಿಯ ಮೇಲೆ ಇಟ್ಟಿರುವ ರಾಕೆಟ್ ಕಂಬಗಳಿಗೆ ಅವನೇ ಉಸ್ತುವಾರಿ. ಮೋಡ ಕಂಡರೆ ಪಟ್ಟಣಕ್ಕೆ ಫೋನು ಮಾಡಿ, ಅಪ್ಪಣೆ ಬಂದ ಮೇಲೆ ರಾಕೆಟ್ ಹಾರಿಸಿ ಆಲಿಕಲ್ಲನ್ನು ಆಕಾಶದಲ್ಲೇ ಕರಗಿಸುವುದು ಅವನ ಕೆಲಸ. ಕರಗುತ್ತದೆ ಎಂದು ಅವನಿಗೆ ಪೂರ್ಣ ನಂಬಿಕೆ. ಎರಡು ವರ್ಷ ಜಾಬ್ರೆಗ್‌ನಲ್ಲಿ ಒಂದು ಎಲೆಯೂ ಹರಿಯದೆ ಇದ್ದದ್ದಕ್ಕೆ ಅವನಿಗೆ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಬಂದಿತ್ತು. ಅದನ್ನು ಕೊಟ್ಟ ದಿನ ಸಭೆಯ ಕೊನೆಯ ಬೆಂಚಿನಲ್ಲಿ ಕುಳಿತು ಫೂಮಾ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ್ದಳು, ಅಂಗೈ ಉರಿಯುವಷ್ಟು. ಅವಳ ವಿಷಯ ಗೊತ್ತಿದ್ದವರು ಐದಾರು ಜನ ಮುದುಕರು. ಅವರೂ ಈಗೀಗ ರಾಕೆಟ್ಟಿನ ಕಡೆಗೇ ವಾಲಿದ್ದರು. ಕಿಟಕಿಯಿಂದ ಕೂಗಿದ ಮಾತು ಮೂವತ್ತೆಂಟು ವರ್ಷದ ಮೇಲೆ ಎಷ್ಟು ಜನರ ಕಿವಿಯಲ್ಲಿ ಉಳಿದೀತು? ತನ್ನ ಬಾಯಿಂದ ತಾನೇ ಹೇಳಿಕೊಳ್ಳುವುದು ಸಣ್ಣತನ ಎಂದು ಅವಳು ಎಂದೂ ಹೇಳಿರಲಿಲ್ಲ. ಮೋಡ ದೊಡ್ಡದಿದೆ, ಬಟ್ಟೆ ಒಳಗೆ ತಗೊಂಡು ಬಿಡಿ ಫೂಮಕ್ಕ, ನಾನು ನೋಡ್ಕೋತೀನಿ ಎಂದು ಹೇಳಿ ಲಿಬೆರೊ ಗುಡ್ಡದ ಕಡೆ ಓಡಿದ. ಅವಳು ಸರಿಯಪ್ಪ, ನೀನಿರೋವಾಗ ನಮಗೇನು ಅಂದಳು. ಹಾಗೆ ಅನ್ನುವಾಗ ಅವಳಿಗೆ ಒಳಗೊಳಗೇ ಒಂದು ದೊಡ್ಡಸ್ತಿಕೆಯ ಸುಖ ಯಾವಾಗಲೂ ಸಿಗುತ್ತಿತ್ತು. ಇವತ್ತು ಸಿಗಲಿಲ್ಲ.

ಅಡುಗೆಮನೆಯ ನೆಲದ ಮೇಲೆ ಅತ್ತೆ ಎರಡು ಚಾಪೆ ಹಾಸಿಟ್ಟಿದ್ದಳು, ಯಾರೂ ಹೇಳದಿದ್ದರೂ. ಎರಡಕ್ಕೂ ನಡುವೆ ಒಂದು ಕುರ್ಚಿ ಇಡುವಷ್ಟು ಜಾಗ ಬಿಟ್ಟು, ಅಲ್ಲಿ ಕುರ್ಚಿಯನ್ನೇ ಇಟ್ಟಿದ್ದಳು. ಬ್ಲಾಜ್ ತಲೆಬಾಗಿ, ಅಮ್ಮಾ, ನಿಮ್ಮ ಕೈಯಲ್ಲಿ ನನ್ನ ಜೀವ, ಅಂದ. ಉಲಿಕಾ, ಬೂಟು ಬಿಚ್ಚು, ನೆಲ ಈಗಷ್ಟೇ ಒರೆಸಿದ್ದೇನೆ, ಅಂದಳು. ಫೂಮಾಗೆ ನಗು ಬಂತು. ಇಪ್ಪತ್ತು ವರ್ಷ ಈ ಮುದುಕಿ ಕುರ್ಚಿಯಿಂದ ಏಳದೆ, ನೊಣ ಕೂರಲು ಬಿಡದೆ ತನ್ನನ್ನು ಕಾದಿದ್ದಾಳೆ. ಒಮ್ಮೆ ಒಲೆಯ ಕಿಡಿ ಹಾರಿ ಲಂಗಕ್ಕೆ ಬೆಂಕಿ ತಗುಲಿದಾಗಲೂ ಕುಳಿತಲ್ಲೇ ಆರಿಸಿಕೊಂಡಳಂತೆ. ಇಬ್ಬರೂ ಬಾಗಿಲ ಕಡೆಗೆ ಕಾಲು ಹಾಕಿ ಮಲಗಿದರು. ಕುರ್ಚಿಯ ಕಾಲುಗಳ ನಡುವಿನಿಂದ ಅವನ ಮುಖದ ಒಂದು ಪಾಲು ಕಾಣುತ್ತಿತ್ತು, ಗಾಯವಿದ್ದ ಕಡೆ. ಸುಂದರವಾಗಿಯೇ ಇದ್ದಾನೆ, ಗಾಯ ಒಪ್ಪುತ್ತದೆ, ಎಂದು ಯೋಚಿಸುತ್ತಿದ್ದಾಗಲೇ ನಿದ್ದೆ ಅವಳನ್ನು ಹಿಡಿದು ಕೆಳಗೆಳೆಯಿತು.

ಮೇಲೆ ಗಾಳಿ ತಣ್ಣಗೆ ಗಟ್ಟಿಯಾಗಿತ್ತು, ಉತ್ತ ಹೊಲದಷ್ಟು ಗಟ್ಟಿ. ಕಪ್ಪು ಹೋರಿ ಕಾಮೆನಾದ ಕಡೆಯಿಂದ ಬಂತು. ಮೊದಲ ಡಿಕ್ಕಿಗೇ ಅವಳಿಗೆ ಗೊತ್ತಾಯಿತು, ಇದು ಮಾತು ಉಳಿಸಿಕೊಂಡವನ ಡಿಕ್ಕಿ. ಹಲ್ಲು ಅಲುಗಿದವು. ಹಿಂಗಾಲು ನಾಲ್ಕು ಮಾರು ಜಾರಿದವು. ಇಷ್ಟು ಬಲವನ್ನು ಇವನು ಎಲ್ಲಿಟ್ಟಿದ್ದ ಎಂದು ಬೆರಗಾಯಿತು, ಸಂತೋಷವೂ ಆಯಿತು, ಯಾಕೆಂದರೆ ಅವಳು ಬಿದ್ದಿರಲಿಲ್ಲ. ನಾಲ್ಕು ಮಾರು ಹೋಗಿ ನಿಂತಿದ್ದಳು. ಮೂಗಿನಿಂದ ಬುಸ್ ಎಂದು ಉಸಿರು ಬಿಟ್ಟು, ಹಾಗೆ ಬಿಡುತ್ತಿದ್ದೇನೆಂದು ಬದುಕಿನಲ್ಲಿ ಮೊದಲ ಸಲ ತಿಳಿದುಕೊಂಡು, ಅವಳು ತಳ್ಳಿದಳು. ಅವನು ಜಾರಿದ. ಕೆಳಗೆ ಎಲ್ಲೋ ಲಿಬೆರೊನ ರಾಕೆಟ್ಟುಗಳು ಪಟಪಟ ಒಡೆದವು, ಹಬ್ಬದ ಪಟಾಕಿಯಷ್ಟು. ಎಷ್ಟು ಹೊತ್ತು ಹಾಗೆ ನಡೆಯಿತೋ. ಹಿಂದೆ ಮುಂದೆ, ಕೊಂಬಿಗೆ ಕೊಂಬು ಹೆಣೆದು, ಒಬ್ಬರ ಉಸಿರು ಒಬ್ಬರ ಮೂಗಿಗೆ ಬಡಿಯುತ್ತಾ. ಯಾವ ಗಂಡಸಿನ ಜೊತೆಯೂ ಅವಳು ಇಷ್ಟು ಹತ್ತಿರ ಇರಲಿಲ್ಲ, ಇವನ ಜೊತೆ ಇಪ್ಪತ್ತು ವರ್ಷದಿಂದ ಇದ್ದಾಳೆ. ಅವಳು ಸೋಲುತ್ತಲೂ ಇರಲಿಲ್ಲ, ಗೆಲ್ಲುತ್ತಲೂ ಇರಲಿಲ್ಲ. ಹೀಗೇ ಸಂಜೆಯವರೆಗೆ ನಡೆದರೂ ಬೇಡವೆನ್ನುವ ಹಾಗಿರಲಿಲ್ಲ.

ಆಗ ಅವನು ನಿಂತ. ಕೊಂಬು ಬಿಡಿಸಿಕೊಂಡು ತಲೆ ಎತ್ತಿದ. ಬಿಟ್ಟುಕೊಡುತ್ತಿದ್ದಾನೆ, ಮಾತು ಮುರಿದ, ಎಂದು ಅವಳಿಗೆ ಕಣ್ಣು ಕೆಂಪಾಯಿತು, ಕೊಂಬನ್ನು ಗಂಟಲಿಗೇ ಇಟ್ಟಳು. ಅವನು ನೋಡಲೇ ಇಲ್ಲ. ಮೂಗು ಅರಳಿಸಿ ಕಾಮೆನಾದ ಕಡೆ ತಿರುಗಿದ, ಜಾಬ್ರೆಗ್ ಕಡೆ ತಿರುಗಿದ, ಮತ್ತೆ ಕಾಮೆನಾ. ಕೊಟ್ಟಿಗೆ ಸುಟ್ಟುಹೋದ ಮೇಲೆ ದನ ಸಂಜೆ ಮರಳಿ ಬಂದು ಹೀಗೆ ಸುತ್ತುವುದನ್ನು ಅವಳು ಯುದ್ಧದ ವರ್ಷಗಳಲ್ಲಿ ನೋಡಿದ್ದಳು. ಅವನಿಗೆ ಅವನ ದೇಹದ ವಾಸನೆ ಸಿಗುತ್ತಿರಲಿಲ್ಲ. ಅತ್ತೆ ಅವನನ್ನು ತಿರುಗಿಸಿಬಿಟ್ಟಿದ್ದಾಳೆ. ಎಲ್ಲವೂ ಅವಳಿಗೆ ಒಂದೇ ಸಲ ಅರ್ಥವಾಯಿತು: ಕುರ್ಚಿ, ನೆಲಮಾಳಿಗೆಯ ಬಾಗಿಲಲ್ಲಿ ನಿಂತುಹೋದ ಹೆಣಿಗೆಯ ಸದ್ದು, ಕೇಳದೆಯೇ ಹಾಸಿದ ಚಾಪೆ. ಮೋಡ ಅವರಿಬ್ಬರ ನಡುವೆ ತೂಗುತ್ತಿತ್ತು. ಅವನು ಅಡ್ಡಲಾಗಿ ನಿಂತಿದ್ದ, ಪಕ್ಕೆ ಪೂರ್ತಿ ತೆರೆದು. ಒಂದು ಸಲ ತಳ್ಳಿದರೆ ಸಾಕು, ಮೋಡವೆಲ್ಲ ಕಾಮೆನಾದ ಮೇಲೆ ಹೋಗಿ ಬೀಳುತ್ತಿತ್ತು. ಆಮೇಲೆ ಇಳಿದು ಹೋಗಿ ಅವನನ್ನು ತಿರುಗಿಸಿದರೂ ಸೂರ್ಯ ಮುಳುಗಲು ಬೇಕಾದಷ್ಟು ಹೊತ್ತಿತ್ತು. ಊರೂ ಉಳಿಯುತ್ತಿತ್ತು, ಅವನೂ ಉಳಿಯುತ್ತಿದ್ದ. ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಕತ್ತು ತಾನೇ ತಗ್ಗಿತು, ಇಪ್ಪತ್ತು ವರ್ಷದ ಅಭ್ಯಾಸ. ತಗ್ಗಿದ ಕತ್ತನ್ನು ಅವಳು ತಡೆದಳು. ಕುರ್ಚಿಯಲ್ಲಿ ಕುಳಿತ ಮುದುಕಿಯೊಬ್ಬಳು ಗೆದ್ದು ಕೊಟ್ಟದ್ದನ್ನು ತಾನು ಮನೆಗೆ ಒಯ್ಯುವುದಿಲ್ಲ ಎಂದುಕೊಂಡಳು. ನನ್ನ ಊರು ಕೈಯೊಡ್ಡುವ ಊರಲ್ಲ. ಅವಳು ಬೆನ್ನು ತಿರುಗಿಸಿ ಮನೆಯ ಕಡೆ ಇಳಿದಳು. ಹಿಂದೆ ಮೋಡ, ತಡೆಯುವವರಿಲ್ಲದೆ, ಜಾಬ್ರೆಗ್ ಕಡೆಗೆ ನಿಧಾನವಾಗಿ ವಾಲಿತು.

ಕಣ್ಣು ತೆರೆದಾಗ ಅತ್ತೆ ಕುರ್ಚಿಯ ಮೇಲೆಯೇ ಇದ್ದಳು, ಹೆಣೆಯುತ್ತಿದ್ದಳು. ಪಕ್ಕದ ಚಾಪೆಯ ಮೇಲೆ ಬ್ಲಾಜ್‌ನ ತಲೆ ಬಾಗಿಲ ಕಡೆಗಿತ್ತು. ಅಷ್ಟು ಭಾರದ ಗಂಡಸನ್ನು ಐವತ್ತೇಳರ ಹೆಂಗಸು ಒಬ್ಬಳೇ ತಿರುಗಿಸಿದ್ದಳು, ಅವಳ ಉಸಿರು ಇನ್ನೂ ಏರಿಳಿಯುತ್ತಿತ್ತು. ಫೂಮಾ ತೆವಳಿಕೊಂಡು ಹೋಗಿ ಅವನ ಎರಡೂ ಹಿಮ್ಮಡಿ ಹಿಡಿದು ಎಳೆದಳು. ಅವನ ತಲೆ ನೆಲಕ್ಕೆ ತಾಗದಂತೆ ಮೊಣಕೈ ಒಡ್ಡಿದಳು. ಅವಳು ತಿರುಗಿಸುತ್ತಿದ್ದಾಗಲೇ ಹೆಂಚಿನ ಮೇಲೆ ಮೊದಲ ಕಲ್ಲು ಬಿತ್ತು, ಆಮೇಲೆ ಇನ್ನೊಂದು, ಆಮೇಲೆ ಲೆಕ್ಕವಿಲ್ಲ. ಆ ಸದ್ದಿನಲ್ಲಿ ಬಾಗಿಲ ಸಂದಿಯಿಂದ ದುಂಬಿ ಬಂದದ್ದು ಕೇಳಿಸಲಿಲ್ಲ. ಅವನ ತುಟಿಯ ಮೇಲೆ ಅದು ಕುಳಿತದ್ದನ್ನು ಮಾತ್ರ ನೋಡಿದಳು, ಮರುಕ್ಷಣ ಅವನ ಎದೆ ಎದ್ದಿತು. ಅವಳು ಅವನ ಹಣೆಗೆ ಹಣೆ ಒತ್ತಿ, ನನ್ನವನೇ, ನನ್ನವನೇ ಎಂದು ಅತ್ತಳು. ಅಳುವುದನ್ನು ಯಾರು ನೋಡಿದರೂ ಆಗ ಅವಳಿಗೆ ಚಿಂತೆಯಿರಲಿಲ್ಲ.

"ಕೇಳ್ತಿದೆಯಾ?" ಎಂದಳು ಅತ್ತೆ, ಹೆಂಚಿನ ಕಡೆ ನೋಡಿ. "ಇದು ನಿನ್ನ ಊರು."

ಫೂಮಾ, ಯಾಕೆ ಹೀಗೆ ಮಾಡಿದೆ ಅತ್ತೆ, ಎಂದು ಕೇಳಿದಳು. ಉತ್ತರ ಅವಳಿಗೆ ಗೊತ್ತಿತ್ತು, ಊರಿಗಾಗಿ ಎನ್ನುತ್ತಾಳೆ ಎಂದುಕೊಂಡಳು. ಉಲಿಕಾ ಕಡ್ಡಿಗಳನ್ನು ಮಡಿಲಲ್ಲಿಟ್ಟಳು.

"ಅವನು ನಿಜವಾಗಿ ಹೋರಾಡಿದ್ರೆ ನೀನು ಗೆಲ್ಲಲ್ಲ ಅಂತ ನಂಗೆ ಭಯ ಆಯ್ತು ಕಣೇ. ನೀನು ಸೋಲೋದನ್ನ ಇನ್ನೊಂದ್ಸಲ ನೋಡೋಕೆ ನನ್ನ ಕೈಲಾಗಲ್ಲ."

ಆಲಿಕಲ್ಲಿಗಿಂತ ಆ ಮಾತು ಜೋರಾಗಿ ಬಿತ್ತು. ಈ ಹೆಂಗಸು ಕಿಟಕಿಗೆ ಹತ್ತಿ ಊರಿಗೆಲ್ಲ ಕೂಗಿದವಳು. ಕೂಗಿ, ಕಟ್ಟಿ, ಕಾದು, ಒಳಗೆ ಎಲ್ಲೋ ಇಪ್ಪತ್ತು ವರ್ಷವೂ ಅಳುಕಿದ್ದಳು. ಕುರ್ಚಿಯಿಂದ ಏಳದೆ ಕುಳಿತದ್ದು ನಂಬಿಕೆಯಿಂದ ಎಂದು ಫೂಮಾ ತಿಳಿದಿದ್ದಳು. ಸಿಟ್ಟು ಬರಲೆಂದು ಫೂಮಾ ಕಾದಳು. ಮುದುಕಿಯ ಮುಖ ಹುಳ್ಳಗಾಗಿತ್ತು, ಪಕ್ಕೆಯ ಮೇಲೆ ಅಂಗೈ ಒತ್ತಿಕೊಂಡಿದ್ದಳು. ಅವನನ್ನು ತಿರುಗಿಸುವಾಗ ಎಲ್ಲೋ ಉಳುಕಿರಬೇಕು. "ನಾನು ಸೋಲ್ತಿರ‍್ಲಿಲ್ಲ ಅತ್ತೆ," ಎಂದಳು ಫೂಮಾ, ಮಗುವಿಗೆ ಹೇಳುವಷ್ಟು ಮೆತ್ತಗೆ. "ಸರಿಸಮ ಇದ್ವಿ. ನೀನು ನೋಡ್ಬೇಕಿತ್ತು." ಉಲಿಕಾ ಮುಖ ಎತ್ತಿ ಅವಳನ್ನು ನೋಡಿದಳು, ನಂಬಬೇಕೋ ಬೇಡವೋ ಎಂಬಂತೆ. ಚಾಪೆಯ ಮೇಲಿನಿಂದ ಬ್ಲಾಜ್, ಕಣ್ಣು ಪೂರ್ತಿ ತೆರೆಯದೆ, ಹೌದು ಅಮ್ಮ, ನನ್ನ ಹಲ್ಲು ಒಂದು ಸಡಿಲವಾಗಿದೆ, ಅಂದ.

ಹತ್ತು ನಿಮಿಷದಲ್ಲಿ ಎಲ್ಲ ನಿಂತಿತು. ಬಿಸಿಲು ಬಂತು, ನಾಚಿಕೆಯಿಲ್ಲದ ಬಿಸಿಲು. ಫೂಮಾ ಬಾಗಿಲು ತೆರೆದಾಗ ಅಂಗಳ ಬೆಳ್ಳಗಿತ್ತು, ಹರಿದ ಎಲೆಗಳ ಹಸಿರು ವಾಸನೆ ಮೂಗಿಗೆ ಹೊಡೆಯಿತು. ಇಳಿಜಾರಿನ ಉದ್ದಕ್ಕೂ ಬಳ್ಳಿಗಳು ಕಡ್ಡಿ ಕಡ್ಡಿ ನಿಂತಿದ್ದವು. ಮೊದಲ ಸಾಲುಗಳು ಅವಳವೇ. ಮೂರು ವಾರದಲ್ಲಿ ಕೀಳಬೇಕಿದ್ದ ಗೊಂಚಲುಗಳು ನೆಲದ ಮೇಲೆ ಆಲಿಕಲ್ಲಿನೊಂದಿಗೆ ಕಲಸಿಹೋಗಿದ್ದವು. ಅವಳು ಕಣ್ಣು ತಪ್ಪಿಸದೆ ಎಲ್ಲವನ್ನೂ ನೋಡಿದಳು. ತನ್ನ ಸಾಲು, ಪಕ್ಕದವರ ಸಾಲು, ಚರ್ಚಿನ ತೋಟ, ಈ ವರ್ಷ ಮದುವೆಯಾಗಬೇಕಿದ್ದ ಹುಡುಗಿಯ ಅಪ್ಪನ ತೋಟ. ಅವರಲ್ಲಿ ಯಾರೂ ಅವಳಿಗೆ ಬಿಟ್ಟು ಬಾ ಎಂದು ಹೇಳಿರಲಿಲ್ಲ.

ಬಾವಿಯ ಕಟ್ಟೆಯ ಹತ್ತಿರ ಜನ ಸೇರಿದ್ದರು. ನಡುವೆ ಲಿಬೆರೊ ನಿಂತಿದ್ದ, ಕೈ ಮುಖವೆಲ್ಲ ಮಸಿ, ಕೆನ್ನೆಯ ಮೇಲೆ ಕಣ್ಣೀರು ಹರಿದ ಎರಡು ಗೆರೆ. ಹನ್ನೊಂದು ರಾಕೆಟ್ ಹಾರಿಸಿದೆ, ಎಲ್ಲಾ ಸರಿಯಾದ ಹೊತ್ತಿಗೇ ಹಾರಿಸಿದೆ ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದ. ಯಾರೋ, ಮಲಗಿಬಿಟ್ಟಿದ್ದೆಯೇನೋ ಅಂದರು. ಇನ್ನೊಬ್ಬ, ಗೋಡೆಯ ಮೇಲಿರುವ ಆ ಚೌಕಟ್ಟನ್ನು ತಂದು ಬಳ್ಳಿಗೆ ನೇತುಹಾಕು, ಎಂದ. ಯಾರೂ ನಗಲಿಲ್ಲ, ಅದು ನಕ್ಕದ್ದಕ್ಕಿಂತ ಕೆಟ್ಟದಾಗಿತ್ತು. ಫೂಮಾ ಮನೆಯೊಳಗೆ ವಾಪಸು ಹೋಗಬಹುದಿತ್ತು. ಒಳಗೆ ಬ್ಲಾಜ್ ಇದ್ದ, ಅತ್ತೆಯ ಪಕ್ಕೆಗೆ ಬಿಸಿ ಬಟ್ಟೆ ಕಟ್ಟಬೇಕಿತ್ತು. ರಾಕೆಟ್ಟು ತಪ್ಪಿತು ಎಂದು ಊರು ಮಾತಾಡಿಕೊಂಡು ಸುಮ್ಮನಾಗುತ್ತಿತ್ತು. ಅವಳು ಆಲಿಕಲ್ಲಿನ ಮೇಲೆ ಬರಿಗಾಲಲ್ಲಿ, ಎರಡು ಸಲ ಜಾರಿ, ಬಾವಿಯ ಕಟ್ಟೆಯವರೆಗೆ ನಡೆದಳು. ಜನ ದಾರಿ ಬಿಟ್ಟರು. ಲಿಬೆರೊನ ಮಸಿ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ, ಆದರೆ ಕೂಗದೆ, ಹೇಳಿದಳು.

"ಇವನ ತಪ್ಪಲ್ಲ. ಮೇಲೆ ಇದ್ದವಳು ನಾನು. ಯಾವಾಗ್ಲೂ ನಾನೇ ಇದ್ದದ್ದು. ಇವತ್ತು ನಾನೇ ಬಿಟ್ಟು ಬಂದೆ."

ಮುದುಕರಲ್ಲಿ ಒಬ್ಬ ಟೋಪಿ ತೆಗೆದ. ಉಳಿದವರು ಅವಳನ್ನೂ, ಅವಳ ಹಿಂದೆ ಮನೆಯ ಬಾಗಿಲುವಾಡ ಹಿಡಿದು ನಿಂತಿದ್ದ ಕಾಮೆನಾದ ಗಂಡಸನ್ನೂ ನೋಡಿದರು. ಕಲ್ಲು ಹೊಡೆಯುತ್ತಾರೋ, ಬೈಯುತ್ತಾರೋ, ನಂಬುತ್ತಾರೋ ಅವಳಿಗೆ ತಿಳಿಯಲಿಲ್ಲ. ಕಾಲು ಚಳಿಗೆ ಮರಗಟ್ಟಿತ್ತು. ಅವಳು ಕತ್ತು ನೆಟ್ಟಗೆ ಮಾಡಿಕೊಂಡು, ಅವರು ಏನು ಕೇಳುತ್ತಾರೋ ಕೇಳಲಿ ಎಂದು, ಅಲ್ಲೇ ನಿಂತಳು.